ಕಡಲ ನೀರಿನ ಸಿಲಿಯೇಟ್: ಪ್ರಭೇದ ಗುರುತಿಸುವುದು ಹೇಗೆ?

ಸಮುದ್ರದ ಸಿಲಿಯೇಟ್ ಒಂದರ ಹೆಸರು ಹೇಳಬೇಕಾದರೆ ಮೊದಲು ಅದನ್ನು ಜೀವಂತವಾಗಿ ನೋಡಬೇಕು. ಬಣ್ಣ ಹಾಕುವುದು, ಡಿಎನ್‌ಎ ಓದುವುದು ಎಲ್ಲ ಆಮೇಲೆ. ಶಾಲೆಯಲ್ಲಿ ಚಿತ್ರ ಬಿಡಿಸಿದ ಪ್ಯಾರಮೀಸಿಯಂನ ಬಳಗದ, ಒಂದೇ ಕೋಶದ ಜೀವಿಗಳಿವು. ಇಲ್ಲಿ ಯೂಪ್ಲೋಟಿಸ್ ಎಂಬ ಕುಲವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜೀವಿ ಸಿಗುವುದು ಕಷ್ಟ.

ದಡದ ಬಂಡೆಗೆ ಅಂಟಿದ ಪಾಚಿಯನ್ನು ಅಲ್ಲಿನ ನೀರಿನ ಜೊತೆಗೇ ಬಾಟಲಿಗೆ ಹಾಕಿ. ನೀರಿನ ಉಪ್ಪಿನಂಶ, ಉಷ್ಣತೆ, ದಿನಾಂಕ, ಜಾಗ ಎಲ್ಲವನ್ನೂ ಅಲ್ಲೇ ಬರೆದುಕೊಳ್ಳಿ. ಬಾಟಲಿ ತುಂಬಾ ತುಂಬಿಸಬೇಡಿ, ಗಾಳಿಗೆ ಜಾಗ ಬೇಕು. ನಲ್ಲಿ ನೀರಂತೂ ಬೆರೆಸಲೇಬೇಡಿ, ಕೋಶಗಳು ಉಬ್ಬಿ ಸಾಯುತ್ತವೆ. ಪೆಟ್ರಿ ತಟ್ಟೆಯ ಸಮುದ್ರದ ನೀರಿಗೆ ಒಂದೆರಡು ಅಕ್ಕಿಕಾಳು ಹಾಕಿದರೆ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಸಿಲಿಯೇಟ್‌ಗೆ ಅದೇ ಊಟ.

ಈಗ ಸೂಕ್ಷ್ಮದರ್ಶಕ. ಯೂಪ್ಲೋಟಿಸ್ ಚಪ್ಪಟೆಯಾಗಿ, ಗಟ್ಟಿ ಮೈಯಿಂದ ಮೊಟ್ಟೆಯಾಕಾರದಲ್ಲಿರುತ್ತದೆ. ಹೊಟ್ಟೆಯ ಕಡೆ ಸಿಲಿಯಾಗಳು (ಕೋಶದ ಮೈಮೇಲಿನ ಕೂದಲಿನಂಥ ಸಣ್ಣ ಎಳೆಗಳು) ಕುಂಚದ ಹಾಗೆ ಒಟ್ಟಾಗಿ ಸೇರಿರುತ್ತವೆ. ಇವಕ್ಕೆ ಸಿರಸ್ ಎನ್ನುತ್ತಾರೆ. ಜೀವಿ ಇವುಗಳ ಮೇಲೆ ನಡೆಯುತ್ತದೆ! ಪಾಚಿಯ ಎಳೆಯ ಮೇಲೆ ಸರಸರನೆ ಓಡಿ, ನಿಂತು, ಥಟ್ಟನೆ ಹಿಂದಕ್ಕೆ ಜಾರಿ, ಮತ್ತೆ ಇನ್ನೊಂದು ಕಡೆ ಹೊರಡುವುದನ್ನು ಸುಮ್ನೆ ಸ್ವಲ್ಪ ಹೊತ್ತು ನೋಡುತ್ತಾ ಕೂರಿ. ನಡಿಗೆಯೂ ವಿವರಣೆಯ ಭಾಗವೇ, ಬರೆದಿಡಿ.

ಓಡುವುದನ್ನು ನಿಲ್ಲಿಸಲು ಕವರ್ ಗಾಜಿನ ನಾಲ್ಕು ಮೂಲೆಗೆ ವ್ಯಾಸಲೀನ್ ಹಚ್ಚಿ ಹನಿಯ ಮೇಲಿಡಿ. ಅಂಚಿನಿಂದ ಫಿಲ್ಟರ್ ಕಾಗದದಲ್ಲಿ ನೀರನ್ನು ನಿಧಾನವಾಗಿ ಹೀರಿಸಿ. ಕೋಶ ಒಡೆಯುವ ಮೊದಲೇ ನಿಲ್ಲಿಸಬೇಕು. ಈ ಕೈಚಳಕ ಬರಲು ತಾಳ್ಮೆ ಬೇಕು, ಆದರೆ ಉಳಿದ ಕೆಲಸವೆಲ್ಲ ನಿಂತಿರುವುದು ಇದರ ಮೇಲೆ. ಉದ್ದ, ಅಗಲ ಅಳೆಯುವುದು ಒತ್ತಡ ಬೀಳುವ ಮೊದಲು, ಜೀವಂತ ಕೋಶದಲ್ಲಿ. ಬಣ್ಣ ಹಾಕುವಾಗ ಮೈ ಕುಗ್ಗುತ್ತದೆ, ಹಾಗಾಗಿ ಆ ಅಳತೆಯನ್ನು ಬೇರೆಯಾಗಿಯೇ ಕೊಡಬೇಕು.

ಮುಂದಿನದು ಬೆಳ್ಳಿಯ ಕೆಲಸ. ಪ್ರೋಟಾರ್ಗಾಲ್ ಎಂಬ ಬೆಳ್ಳಿ ಸೇರಿದ ಬಣ್ಣ ಸಿಲಿಯಾಗಳ ಬುಡವನ್ನೂ ನ್ಯೂಕ್ಲಿಯಸ್‌ಗಳನ್ನೂ ತೋರಿಸುತ್ತದೆ. ಸಿಲ್ವರ್ ನೈಟ್ರೇಟ್ ಹಾಕಿದರೆ ಬೆನ್ನಿನ ಮೇಲಿನ ಬಲೆಯಂಥ ಗೆರೆಗಳು ಕಾಣುತ್ತವೆ. ಈಗ ಎಣಿಕೆ ಶುರು: ಮುಂಭಾಗದ ಸಿರಸ್ ಎಷ್ಟು, ಹಿಂದಿನ ಅಡ್ಡಸಾಲಿನವು ಎಷ್ಟು, ಬೆನ್ನಿನ ಮೇಲೆ ಸಿಲಿಯಾ ಸಾಲುಗಳೆಷ್ಟು, ಬಾಯಿಯ ಪಕ್ಕದ ಪಟ್ಟಿಗಳೆಷ್ಟು, ದೊಡ್ಡ ನ್ಯೂಕ್ಲಿಯಸ್‌ನ ಆಕಾರವೇನು. ಒಂದೆರಡು ಕೋಶ ಸಾಲದು, ಕನಿಷ್ಠ 20 ಕೋಶ ಎಣಿಸಿ. ಕನಿಷ್ಠ, ಗರಿಷ್ಠ, ಸರಾಸರಿ ಮೂರನ್ನೂ ಬರೆಯಿರಿ.

ಯೂಪ್ಲೋಟಿಸ್ ವ್ಯಾನಸ್‌ನಲ್ಲಿ ಮುಂದೆ 10, ಹಿಂದೆ ಅಡ್ಡಸಾಲಿನಲ್ಲಿ 5 ಸಿರಸ್. ಅಷ್ಟು ಸಿಕ್ಕಿತು ಅಂತ ಹೆಸರಿಟ್ಟುಬಿಡಬೇಡಿ. ಕ್ರಾಸಸ್, ಮಿನುಟಾ ಎಂಬ ಹತ್ತಿರದ ನೆಂಟರಲ್ಲೂ ಇದೇ ಲೆಕ್ಕ ಬರುತ್ತದೆ. ಗಾತ್ರ ಒಂದರೊಳಗೊಂದು ಬೆರೆತು ಜಾಸ್ತಿ ಗೊಂದಲವಾಗುವುದು ಇಲ್ಲೇ. ಆಗ ಪ್ರಭೇದಗಳನ್ನು ಹೋಲಿಸಲು ಬಳಸುವ 18ಎಸ್ ಎಂಬ ಜೀನ್‌ನ ಡಿಎನ್‌ಎ ಓದಿಸಿ, ಮೊದಲೇ ಗೊತ್ತಿರುವವುಗಳ ಜೊತೆ ಹೋಲಿಸಬೇಕು. ಅದೂ ನೀವು ಚಿತ್ರ ತೆಗೆದ ಅದೇ ತಳಿಯಿಂದಲೇ ಆಗಬೇಕು. ಚಿತ್ರ ಒಂದರದ್ದು, ಜೀನ್ ಇನ್ನೊಂದರದ್ದು ಆದರೆ ಎರಡೂ ವ್ಯರ್ಥ.

ಹೆಸರು ಬರೆಯುವಾಗ ಯೂಪ್ಲೋಟಿಸ್ ವ್ಯಾನಸ್ (ಮುಲ್ಲರ್, 1786) ಎಂದು, ಮೊದಲು ವಿವರಿಸಿದವರ ಹೆಸರನ್ನೂ ವರ್ಷವನ್ನೂ ಆವರಣದಲ್ಲಿ ಹಾಕುತ್ತಾರೆ. ಮುಲ್ಲರ್ ಇದನ್ನು ಬೇರೆ ಕುಲದಲ್ಲಿ ಇಟ್ಟಿದ್ದರು, ಆಮೇಲೆ ಕುಲ ಬದಲಾಯಿತು ಎಂಬುದು ಈ ಆವರಣದಿಂದಲೇ ಗೊತ್ತಾಗುತ್ತದೆ.

ನಿಮಗೆ ಸಿಕ್ಕಿದ್ದು ನಿಜಕ್ಕೂ ಹೊಸದಾದರೆ, ಹತ್ತಿರದ ಪ್ರತಿಯೊಂದು ಪ್ರಭೇದಕ್ಕಿಂತ ಅದು ಹೇಗೆ ಬೇರೆ ಎಂದು ಸ್ಪಷ್ಟವಾಗಿ ಬರೆಯಬೇಕು. ಹೆಸರಿಗೆ ಆಧಾರವಾದ ಮಾದರಿ ಸ್ಲೈಡ್ ಯಾವುದೆಂದು ಹೇಳಿ, ಬೇರೆಯವರೂ ನೋಡುವಂಥ ಸಂಗ್ರಹಾಲಯಕ್ಕೆ ಕೊಡಬೇಕು. ಲೇಖನ ಅಂತರ್ಜಾಲದಲ್ಲಿ ಮಾತ್ರ ಪ್ರಕಟವಾಗುವುದಾದರೆ ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಅಧಿಕೃತ ನೋಂದಣಿ ತಾಣವಾದ ಝೂಬ್ಯಾಂಕ್‌ನಲ್ಲಿ ಮೊದಲೇ ನೋಂದಣಿ ಮಾಡಿಸಿ, ಆ ಸಂಖ್ಯೆಯನ್ನು ಲೇಖನದೊಳಗೇ ಹಾಕಿ. 2012ರಿಂದ ಇದು ನಿಯಮ. ಇಲ್ಲದಿದ್ದರೆ ಆ ಹೆಸರು ಊರ್ಜಿತವಾಗುವುದಿಲ್ಲ.