ಶವರ್ ನಳದ ಹ್ಯಾಂಡಲ್ ಜಾಮ್ ಆಗಿದೆಯಾ? ಹೊಡೀಬೇಡಿ, ನೆನೆಸಿ

ನಮ್ಮದು ವಿಜಯಪುರ. ಮನೆಯಲ್ಲಿ ಬೋರ್ ನೀರು. ಎರಡು ವರ್ಷದ ಹಿಂದೆ ಶವರ್‌ನ ಬಿಸಿನೀರಿನ ನಳ ರಾತ್ರಿಯೆಲ್ಲ ತೊಟ್ಟಿಕ್ಕೋಕೆ ಶುರು ಮಾಡಿತು. ಒಳಗಿನ ವಾಷರ್ ಸವೆದಿದೆ ಅಂತ ಗೊತ್ತಿತ್ತು, ವಾಷರ್ ಅಂದ್ರೆ ಚಿಲ್ಲರೆ ದುಡ್ಡಿನ ಸಾಮಾನು. ಆದರೆ ಅದನ್ನು ಮುಟ್ಟಬೇಕಂದ್ರೆ ಮೊದಲು ಹ್ಯಾಂಡಲ್ ಬಿಚ್ಚಬೇಕು, ಅದು ಜಪ್ಪಯ್ಯ ಅಂದ್ರೂ ಬರಲಿಲ್ಲ. ಸಿಟ್ಟಿಗೆ ಸುತ್ತಿಗೆ ತಗೊಂಡು ಎರಡೇಟು ಹಾಕಿದೆ. ಹ್ಯಾಂಡಲ್ ಬಂತು, ಜೊತೆಗೆ ಸ್ಪಿಂಡಲ್‌ನ ತುದಿಯೂ ಮುರಿದು ಬಂತು. ಆಮೇಲೆ ಟೈಲ್ಸ್ ಒಡೆದು, ಗೋಡೆ ಕೆತ್ತಿ, ಇಡೀ ನಳ ಬದಲಿಸಿದ್ದಾಯ್ತು. ಎದುರು ಮನೆ ಕಾಕಾ ಬಂದು ನೋಡಿ, "ಹೊಡೀಬಾರದಿತ್ತೋ ತಮ್ಮಾ, ನೆನಸಬೇಕಿತ್ತು" ಅಂದರು. ಈ ಸಲ ಪಕ್ಕದ ತಣ್ಣೀರಿನ ನಳ ಹಿಡಿದುಕೊಂಡಾಗ ಅವರ ಮಾತು ಕೇಳಿದೆ. ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗೀತು.

ಹ್ಯಾಂಡಲ್ ಯಾಕೆ ಹಿಡಿದುಕೊಳ್ಳುತ್ತೆ ಅಂತ ಮೊದಲು ತಿಳ್ಕೊಳ್ಳಿ. ಗೋಡೆಯಿಂದ ಹೊರಗೆ ಒಂದು ಹಿತ್ತಾಳೆ ಕಡ್ಡಿ ಚಾಚಿರುತ್ತೆ, ಅದೇ ಸ್ಪಿಂಡಲ್. ಅದರ ತುದಿಯಲ್ಲಿ ಸುತ್ತಲೂ ಸಣ್ಣ ಸಣ್ಣ ಹಲ್ಲು. ಹ್ಯಾಂಡಲ್ ಆ ಹಲ್ಲಿನ ಮೇಲೆ ಕೂತಿರುತ್ತೆ, ನಡುವೆ ಒಂದು ಸ್ಕ್ರೂ. ಅಷ್ಟೇ. ನಮ್ಮ ಕಡೆಯ ಗಡಸು ನೀರು ಆ ಹಲ್ಲುಗಳ ಸಂದಿಗೆ ಇಳಿದು ಒಣಗುತ್ತೆ, ಮತ್ತೆ ಇಳಿಯುತ್ತೆ, ಮತ್ತೆ ಒಣಗುತ್ತೆ, ಹೀಗೆ ವರ್ಷಗಟ್ಟಲೆ ಸುಣ್ಣ ಕಟ್ಟಿ ಗಾರೆ ಹಾಕಿದ ಹಾಗೆ ಆಗುತ್ತೆ. ನೀರು ಕಾದಷ್ಟೂ ಸುಣ್ಣ ಜಾಸ್ತಿ ಬಿಡುತ್ತೆ, ಅದಕ್ಕೇ ಸೋಲಾರ್ ಅಥವಾ ಗೀಸರ್ ಕಡೆಯ ಹ್ಯಾಂಡಲ್ಲೇ ಸಾಮಾನ್ಯವಾಗಿ ಮೊದಲು ಜಾಮ್ ಆಗೋದು. ಅಂದ್ರೆ ನಿಮ್ಮ ಜಗಳ ಕಬ್ಬಿಣದ ಜೊತೆ ಅಲ್ಲ, ಸುಣ್ಣದ ಜೊತೆ. ಸುಣ್ಣಕ್ಕೆ ಹುಳಿ ಕಂಡರೆ ಆಗಲ್ಲ.

ಶುರು ಮಾಡೋ ಮುಂಚೆ ಮಾಳಿಗೆ ಹತ್ತಿ ಟ್ಯಾಂಕಿನ ವಾಲ್ವ್ ಬಂದ್ ಮಾಡಿ. ಸೋಲಾರ್ ಇದ್ದರೆ ಅದರ ವಾಲ್ವನ್ನೂ. ಕೆಳಗೆ ಬಂದು ಬೇರೆ ನಳ ತೆರೆದು ಪೈಪಿನಲ್ಲಿ ಉಳಿದ ನೀರು ಹೋಗೋಕೆ ಬಿಡಿ. ಬಚ್ಚಲ ಮೋರಿಯ ಜಾಲರಿ ಮೇಲೆ ಹಳೆ ಟವೆಲ್ ಹಾಸಿ. ಸುಮ್ನೆ ಹೇಳ್ತಿಲ್ಲ, ಬಿದ್ದ ಸ್ಕ್ರೂ ನೆಟ್ಟಗೆ ಮೋರಿಯನ್ನೇ ಹುಡುಕಿಕೊಂಡು ಹೋಗುತ್ತೆ.

ಈಗ ಸ್ಕ್ರೂ ಎಲ್ಲಿದೆ ನೋಡಿ. ದುಂಡು ಹ್ಯಾಂಡಲ್ ಆದರೆ ಮುಂದೆ ಕೆಂಪು ಇಲ್ಲಾ ನೀಲಿ ಬೊಟ್ಟಿನ ಒಂದು ಕ್ಯಾಪ್ ಇರುತ್ತೆ. ಬ್ಲೇಡ್ ತುದಿ ಅಥವಾ ತೆಳು ಚಾಕು ಅಂಚಿಗೆ ತೂರಿಸಿ ಮೆಲ್ಲಗೆ ಎತ್ತಿ, ಅದರ ಕೆಳಗೆ ಸ್ಕ್ರೂ. ಉದ್ದನೆ ಲಿವರ್ ಥರದ್ದಾದರೆ ಸ್ಕ್ರೂ ಹೆಚ್ಚಾಗಿ ಪಕ್ಕದಲ್ಲೋ ಹೊಟ್ಟೆಯಡಿಯಲ್ಲೋ ಒಂದು ಸಣ್ಣ ತೂತಿನೊಳಗಿರುತ್ತೆ, ಅದಕ್ಕೆ ಎಲನ್ ಕೀ (ಆರು ಮೂಲೆಯ ಬಾಗಿದ ಕಡ್ಡಿ) ಬೇಕು, 2.5 ಅಥವಾ 3 ಎಂಎಂದು ಹಾಕಿ ನೋಡಿ. ತೂತು ಕಾಣಿಸ್ತಿಲ್ಲ ಅಂದ್ರೆ ಬೆರಳಾಡಿಸಿ, ಸುಣ್ಣ ಮುಚ್ಚಿರಬಹುದು.

ಇಲ್ಲಿ ಎಲ್ಲರೂ ಅವಸರ ಮಾಡ್ತಾರೆ. ನನ್ನ ನಳದಲ್ಲಿ ಕ್ಯಾಪ್ ತೆಗೆದಾಗ ಸ್ಕ್ರೂ ಕಾಣಲೇ ಇಲ್ಲ, ಬರೀ ಬಿಳಿ ಪುಡಿ ಗಟ್ಟಿಯಾಗಿ ಕೂತಿತ್ತು. ಅದರ ಮೇಲೆ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದರೆ ತಲೆಯ ಗೀರು ಸವೆದು ಹೋಗೋದು ಗ್ಯಾರಂಟಿ. ಅವ್ವನ ದಬ್ಬಣ ತಗೊಂಡು ಸ್ಕ್ರೂ ತಲೆಯ ಪ್ಲಸ್ ಗೀರನ್ನು ಕೆರೆದೆ. ಆಮೇಲೆ ಸೂಜಿ ತೆಗೆದ ಸಿರಿಂಜಿನಲ್ಲಿ ಲಿಂಬೆರಸ ಸೋಸಿ ತುಂಬಿ ಆ ಕುಳಿಗೆ ನಾಲ್ಕು ಹನಿ ಬಿಟ್ಟೆ. ಸೋಡಾ ಥರ ಸಣ್ಣ ಗುಳ್ಳೆ ಎದ್ದವು. ಗುಳ್ಳೆ ನಿಂತ ಮೇಲೆ ಬಟ್ಟೆ ತುದಿಯಿಂದ ಒರೆಸಿ ಮತ್ತೆ ಬಿಟ್ಟೆ. ನಾಲ್ಕನೇ ಸಲಕ್ಕೆ ಸ್ಕ್ರೂ ತಲೆ ಹಳದಿ ಹೊಳೆಯಿತು. ಪಕ್ಕದ ಇಂಡಿ ತಾಲೂಕಿನ ಲಿಂಬೆಹಣ್ಣು ಪೇಟೆ ತುಂಬ ಸಿಗೋ ಊರಿನಲ್ಲಿ ನಾನಂತೂ ವಿನೆಗರ್ ಹುಡುಕಲು ಹೋಗಲಿಲ್ಲ, ಮನೆಯಲ್ಲಿದ್ದರೆ ಅದೂ ನಡೆಯುತ್ತೆ.

ಸ್ಕ್ರೂಡ್ರೈವರ್ ತುದಿ ಗೀರಿಗೆ ಸರಿಯಾಗಿ ಕೂರಬೇಕು, ಅಲ್ಲಾಡಿದರೆ ಬೇರೆ ಸೈಜು ತನ್ನಿ. ಅಂಗೈಯಿಂದ ಹಿಂದೆ ಒತ್ತಿ ಹಿಡಿದು, ಮೊದಲು ಒಂದು ಕೂದಲೆಳೆಯಷ್ಟು ಬಲಕ್ಕೆ ಬಿಗಿ ಮಾಡಿ, ಆಮೇಲೆ ಎಡಕ್ಕೆ ತಿರುಗಿಸಿ. ಬಿಗಿ ಮಾಡಿದಾಗಲೇ ಒಳಗಿನ ಕಟ್ಟು ಒಡೆಯೋದು. ಗೀರು ಆಗಲೇ ಸವೆದಿದ್ದರೆ ಅಗಲವಾದ ರಬ್ಬರ್ ಬ್ಯಾಂಡಿನ ತುಂಡು ನಡುವೆ ಇಟ್ಟು ಒತ್ತಿ ನೋಡಿ, ಎಷ್ಟೋ ಸಲ ಹಿಡಿತ ಸಿಗುತ್ತೆ.

ಸ್ಕ್ರೂ ಬಂತು, ಹ್ಯಾಂಡಲ್ ಇನ್ನೂ ಬರ್ತಿಲ್ಲ. ಇದೇ ನಿಜವಾದ ಕೆಲಸ. ಹಳೆ ಬನಿಯನ್ ತುಂಡನ್ನು ಲಿಂಬೆರಸದಲ್ಲಿ ಅದ್ದಿ ಹ್ಯಾಂಡಲ್ಲಿನ ಬುಡಕ್ಕೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿ, ಇಲ್ಲದಿದ್ದರೆ ರಸವೆಲ್ಲ ಗೋಡೆ ಮೇಲೆ ಇಳಿದು ಹೋಗುತ್ತೆ. ಸ್ಕ್ರೂ ತೂತಿಗೂ ಸಿರಿಂಜಿನಿಂದ ಬಿಡಿ. ಒಂದು ತಾಸು ಬಿಟ್ಟು ಬಿಚ್ಚಿ ನೀರಿನಿಂದ ಒರೆಸಿ. ರಾತ್ರಿಯೆಲ್ಲ ಕಟ್ಟಿ ಮಲಗಬೇಡಿ, ಕ್ರೋಮ್ ಹೊಳಪು ಮಂಕಾಗುತ್ತೆ. ಸಂಡಾಸ ತೊಳೆಯೋ ಆ್ಯಸಿಡ್ ಅಂತೂ ಬೇಡವೇ ಬೇಡ. ಅದು ಕ್ರೋಮ್ ಕಿತ್ತು ಹಾಕುತ್ತೆ, ಬ್ಲೀಚಿಂಗ್ ಪುಡಿ ಜೊತೆ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತೆ, ಕಿಟಕಿ ಚಿಕ್ಕದಿರೋ ಬಚ್ಚಲಿನಲ್ಲಿ ಅದು ಜೀವಕ್ಕೇ ಅಪಾಯ. ಡಬ್ಲ್ಯೂಡಿ-40 ಥರದ ಎಣ್ಣೆ ಇದ್ದರೆ ಹುಳಿಯ ಕೆಲಸ ಮುಗಿದ ಮೇಲೆ ಹೊಡೆಯಿರಿ. ಮೊದಲೇ ಹೊಡೆದರೆ ಎಣ್ಣೆಯ ಪದರ ಕೂತು ಹುಳಿ ಒಳಗೆ ಇಳಿಯಲ್ಲ, ಎಣ್ಣೆಗೆ ಸುಣ್ಣ ಕರಗೋದೂ ಇಲ್ಲ.

ಈಗ ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಸ್ವಲ್ಪ ಅಲ್ಲಾಡಿಸುತ್ತಾ ನೆಟ್ಟಗೆ ನಿಮ್ಮ ಕಡೆ ಎಳೆಯಿರಿ. ಬರಲಿಲ್ಲ ಅಂದ್ರೆ ಕುದಿನೀರಲ್ಲಿ ಅದ್ದಿದ ಬಟ್ಟೆಯನ್ನು ಇಕ್ಕಳದಲ್ಲಿ ಎತ್ತಿ ಹ್ಯಾಂಡಲ್ ಮೇಲೆ ಎರಡು ನಿಮಿಷ ಇಡಿ, ಹೊರಗಿನ ಲೋಹ ಕೊಂಚ ಹಿಗ್ಗುತ್ತೆ, ಆಗ ಮತ್ತೆ ಎಳೆಯಿರಿ. ಎರಡು ಚಮಚೆ ಹಿಡಿಕೆಗಳನ್ನು ಎದುರುಬದುರು ಬುಡಕ್ಕೆ ತೂರಿಸಿ ಒಟ್ಟಿಗೆ ಎತ್ತಿದರೂ ಬರುತ್ತೆ, ಆದರೆ ಟೈಲ್ಸ್ ಮೇಲೆ ರಟ್ಟು ಇಡಿ. ಒಂದೇ ಕಡೆಯಿಂದ ಮೀಟಿದರೆ ಸ್ಪಿಂಡಲ್ ಬಾಗುತ್ತೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಹ್ಯಾಂಡಲ್ ಪುಲ್ಲರ್ ಅಂತ ಕೇಳಿ ನೋಡಿ. ಎರಡು ಕೊಕ್ಕೆ ಹ್ಯಾಂಡಲ್ಲಿನ ಹಿಂದೆ ಹಿಡಿದುಕೊಂಡು, ನಡುವಿನ ಬೋಲ್ಟ್ ಸ್ಪಿಂಡಲ್ಲನ್ನು ಒತ್ತುತ್ತಾ ಹ್ಯಾಂಡಲ್ಲನ್ನು ಹೊರಗೆಳೆಯೋ ಸಾಮಾನು ಅದು. ನನಗೆ ಬೇಕಾಗಲಿಲ್ಲ, ಎರಡನೇ ಸಲ ನೆನೆಸಿದ ಮೇಲೆ ಟಕ್ ಅಂತ ಸದ್ದಾಗಿ ಕೈಗೇ ಬಂತು.

ಒಂದು ವಿಷಯ ಗಮನದಲ್ಲಿರಲಿ. ಎಳೆಯುವಾಗ ಗೋಡೆಯೊಳಗಿನ ಪೈಪೇ ಅಲುಗಾಡಿದ ಹಾಗೆ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ ಪ್ಲಂಬರ್‌ಗೆ ಫೋನ್ ಮಾಡಿ. ಹ್ಯಾಂಡಲ್ ಹೇಗೂ ಎಸೆಯೋದೇ ಅಂದ್ರೆ ಹ್ಯಾಕ್ಸಾ ಬ್ಲೇಡಿನಿಂದ ಒಂದು ಪಕ್ಕ ಕೊಯ್ದು, ಗೀರಿಗೆ ಸ್ಕ್ರೂಡ್ರೈವರ್ ಇಟ್ಟು ತಿರುವಿದರೆ ಬಾಯಿ ಬಿಡುತ್ತೆ. ಸ್ಪಿಂಡಲ್ ಹಲ್ಲಿಗೆ ಬ್ಲೇಡ್ ತಾಗಬಾರದು.

ಒಳಗಿನದು ಸುಲಭ. ಹಳೆಯದರಂಥ ವಾಷರ್ ನಳವಾದರೆ ಹ್ಯಾಂಡಲ್ಲನ್ನು ಸುಮ್ನೆ ಸಿಕ್ಕಿಸಿ ಅರ್ಧ ಸುತ್ತು ತೆರೆದು, ಆಮೇಲೆ ಪಾನಾ ಹಾಕಿ ಸ್ಪಿಂಡಲ್ ಬಿಚ್ಚಿ. ಕಾಲು ಸುತ್ತಿಗೇ ಪೂರ್ತಿ ತೆರೆಯುವಂಥದ್ದಾದರೆ ಒಳಗಿರೋದು ಸೆರಾಮಿಕ್ ಬಿಲ್ಲೆ, ಕಾರ್ಟ್ರಿಜ್ ಅಂದ್ರೆ ಬಿಲ್ಲೆ ಕೂತಿರೋ ಒಳಗಿನ ಭಾಗವನ್ನೇ ಪೂರ್ತಿ ಬದಲಿಸಬೇಕು. ಅಂಗಡಿಗೆ ಹಳೆಯದನ್ನೇ ಒಯ್ಯಿರಿ. ಹೊಸ ಹ್ಯಾಂಡಲ್ ತರುವಾಗಲೂ ಅಷ್ಟೇ, ಹಲ್ಲಿನ ಲೆಕ್ಕ ಕಂಪನಿಗೊಂದು ಥರ.

ಮತ್ತೆ ಕೂರಿಸುವಾಗ ಹಲ್ಲುಗಳಿಗೂ ಸ್ಕ್ರೂಗೂ ಸಿಲಿಕಾನ್ ಗ್ರೀಸ್ ಹಚ್ಚಿ, ಸಿಗದಿದ್ದರೆ ವ್ಯಾಸಲೀನ್, ಆದರೆ ವ್ಯಾಸಲೀನ್ ರಬ್ಬರ್ ವಾಷರ್‌ಗೆ ತಾಗದಿರಲಿ. ಸ್ಕ್ರೂವನ್ನು ಸೇಡು ತೀರಿಸಿಕೊಳ್ಳೋ ಹಾಗೆ ಬಿಗಿಯಬೇಡಿ. ವಾಲ್ವ್ ನಿಧಾನವಾಗಿ ತೆರೆದು ಹತ್ತು ನಿಮಿಷ ಸುತ್ತಲೂ ಒಣ ಬೆರಳಾಡಿಸಿ ನೋಡಿ. ಕೊನೆಗೆ ಕ್ಯಾಪ್ ಒತ್ತಿ. ಬಣ್ಣ ನೋಡಿ ಒತ್ತಿ. ನಾನು ಎರಡೂ ಕ್ಯಾಪ್ ತೆಗೆದು ತೊಳೆದು, ಕೆಂಪಿನ ಜಾಗಕ್ಕೆ ನೀಲಿ ಹಾಕಿಟ್ಟಿದ್ದೆ. ಮರುದಿನ ಬೆಳಿಗ್ಗೆ ಬಚ್ಚಲೊಳಗಿಂದ ಅವ್ವ ನನ್ನ ಹೆಸರು ಹಿಡಿದು ಕೂಗಿದ್ದು ಎದುರು ಮನೆ ಕಾಕಾನಿಗೂ ಕೇಳಿಸಿತ್ತಂತೆ.