ಹೊಸಬರಿಗೆ ಮಾರ್ಗದರ್ಶಿ: ಫ್ರಾಸ್ಟ್ ಬೀಳುವ ರಾತ್ರಿಗಳು

ಮಳೆಯಾಗಲಿ ಹಿಮವಾಗಲಿ ಸುರಿಯದಿದ್ದರೂ ಬೆಳಗಾಗುವಷ್ಟರಲ್ಲಿ ಹುಲ್ಲು, ಬೇಲಿ, ಕಾರು ಎಲ್ಲವೂ ಬೆಳ್ಳಗಾಗಿರುವುದನ್ನು ಕಂಡು ಮೊದಲ ಚಳಿಗಾಲದಲ್ಲಿ ತಬ್ಬಿಬ್ಬಾಗದವರು ನಮ್ಮ ಸಂಘದಲ್ಲಿ ವಿರಳ. ಈ ಬಿಳಿ ಮಂಜುಗಡ್ಡೆಯ ಪದರವೇ ಫ್ರಾಸ್ಟ್; ಅದು ಆಕಾಶದಿಂದ ಉದುರುವುದಿಲ್ಲ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲವೂ ಗಾಜೂ ತಮ್ಮ ಶಾಖವನ್ನು ಆಕಾಶದತ್ತ ಸೂಸುತ್ತ ಸುತ್ತಲಿನ ಗಾಳಿಗಿಂತ ಹೆಚ್ಚು ತಣ್ಣಗಾಗುತ್ತವೆ. ಆ ಮೇಲ್ಮೈ 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದು, ಅದಕ್ಕೆ ತಾಗಿದ ಗಾಳಿಯಲ್ಲಿ ಸಾಕಷ್ಟು ತೇವವಿದ್ದರೆ, ನೀರಾವಿಯು ನೀರಾಗದೆ ನೇರವಾಗಿ ಮಂಜುಗಡ್ಡೆಯ ಹರಳಾಗುತ್ತದೆ. ಎಲೆಯೊಂದನ್ನು ಹತ್ತಿರದಿಂದ ನೋಡಿದರೆ ಅಂಚಿನ ಸೂಜಿಗಳು ನಡುವಿನವಕ್ಕಿಂತ ಉದ್ದವಾಗಿರುವುದು ಕಾಣುತ್ತದೆ. ಮೋಡವಿದ್ದ ರಾತ್ರಿ ಅದೇ ಕಂಬಳಿಯಂತೆ ನೆಲದ ಶಾಖವನ್ನು ತಡೆಯುವುದರಿಂದ ಫ್ರಾಸ್ಟ್ ಕಡಿಮೆ.

ಫೋನಿನಲ್ಲಿ 3 ಡಿಗ್ರಿ ಎಂದಿದೆಯಲ್ಲ ಎಂದು ನಿಶ್ಚಿಂತೆಯಿಂದ ಮಲಗುವವರಿಗೆ ಈ ಮಾತು: ಹವಾಮಾನ ವರದಿಯ ಉಷ್ಣಾಂಶವನ್ನು ಅಳೆಯುವುದು ನೆಲದಿಂದ ಸುಮಾರು 1.25ರಿಂದ 2 ಮೀಟರ್ ಎತ್ತರದಲ್ಲಿ. ಅದೇ ಹೊತ್ತಿಗೆ ಹುಲ್ಲಿನ ಮಟ್ಟದಲ್ಲಿ ಅದು ಹಲವು ಡಿಗ್ರಿ ಕಡಿಮೆಯಿರಬಹುದು. ತಣ್ಣನೆಯ ಗಾಳಿ ಭಾರವಾದದ್ದರಿಂದ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ; ಆದ್ದರಿಂದ ದಿಬ್ಬದ ಮೇಲಿನ ಮನೆಯವರ ಮಾತು ತಗ್ಗಿನವರಿಗೆ ಅನ್ವಯಿಸದು.

ಕಾರಿನ ಗಾಜಿನ ಮೇಲೆ ಬಿಸಿನೀರು ಸುರಿಯಬೇಡಿ. ಪ್ರತಿ ವರ್ಷ ಹೇಳುತ್ತೇವೆ, ಪ್ರತಿ ವರ್ಷ ಯಾರಾದರೊಬ್ಬರು ಸುರಿಯುತ್ತಾರೆ. ತಣ್ಣನೆಯ ಗಾಜು ಒಮ್ಮೆಲೇ ಹಿಗ್ಗಿ ಬಿರುಕು ಬಿಡಬಹುದು, ಹರಿದ ನೀರು ನೆಲದ ಮೇಲೆ ಮತ್ತೆ ಗಡ್ಡೆಕಟ್ಟಿ ನಿಮ್ಮನ್ನೇ ಜಾರಿಸಬಹುದು. ಪ್ಲಾಸ್ಟಿಕ್ಕಿನ ಕೆರೆಯುವ ಸಾಧನವನ್ನು ಬಳಸಿ. ಹಿಂದಿನ ರಾತ್ರಿಯೇ ಗಾಜಿಗೆ ಹೊದಿಕೆ ಹಾಕುವುದು ಇನ್ನೂ ಜಾಣತನ, ಏಕೆಂದರೆ ಆಗ ಗಾಜು ಆಕಾಶಕ್ಕೆ ತೆರೆದಿರುವುದಿಲ್ಲ. ಇಣುಕುವಷ್ಟೇ ಕಿಂಡಿ ಕೆರೆದು ಗಾಡಿ ಓಡಿಸುವ ಅವಸರ ನಮ್ಮವರಿಗೆ ಶೋಭಿಸುವುದಿಲ್ಲ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಚಾಲೂ ಮಾಡಿ ಬಿಸಿಯಾಗಲು ಬಿಡುವುದಂತೂ ಪ್ರಾಣಕ್ಕೇ ಅಪಾಯ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಸೇತುವೆಗಳು ಮೇಲಿನಿಂದಲೂ ಕೆಳಗಿನಿಂದಲೂ ಶಾಖ ಕಳೆದುಕೊಳ್ಳುವುದರಿಂದ ಉಳಿದ ರಸ್ತೆಗಿಂತ ಮೊದಲು ಜಾರತೊಡಗುತ್ತವೆ. ಅಲ್ಲಿ ಹಠಾತ್ತನೆ ಬ್ರೇಕ್ ಹಾಕಬೇಡಿ.

ಗಿಡಗಳು: ಕುಂಡಗಳನ್ನು ಒಳಗಿಡಿ. ನೆಲದ ಗಿಡಗಳಿಗೆ ಸಂಜೆಯೇ ನೆಲ ಮುಟ್ಟುವಂತೆ ಬಟ್ಟೆ ಹೊದಿಸಿ, ಬಿಸಿಲೇರಿದ ಮೇಲೆ ತೆಗೆಯಿರಿ. ಎಲೆ ಕಪ್ಪಾಯಿತೆಂದು ಒಡನೆಯೇ ಕತ್ತರಿಸಬೇಡಿ. ಬುಡ ಜೀವಂತವಾಗಿದ್ದರೆ ವಸಂತದಲ್ಲಿ ಚಿಗುರಬಹುದು.