ಇಲಿಬೋನಲ್ಲಿ ಚೈನ್ ರಿಯಾಕ್ಷನ್: ಮೂರು ಸಲ ಕೆಟ್ಟು ನಾಲ್ಕನೇ ಸಲ ಆಯ್ತು

ಇಲಿಬೋನಿನ ಮೇಲೆ ಟೇಬಲ್ ಟೆನಿಸ್ ಬಾಲ್ ಇಟ್ಟು ಫಿಶನ್ (ಪರಮಾಣುವಿನ ನ್ಯೂಕ್ಲಿಯಸ್ ಒಡೆಯೋದು) ತೋರ್ಸೋದು ಸೈನ್ಸ್ ಮೇಷ್ಟ್ರುಗಳಿಗೆ ಹೊಸದೇನಲ್ಲ, ವಿಡಿಯೋದಲ್ಲಿ ಎಲ್ರೂ ನೋಡಿದೀವಿ. ಬೋನು ಅಂದ್ರೆ ಯುರೇನಿಯಂ ನ್ಯೂಕ್ಲಿಯಸ್, ಬಾಲ್ ಅಂದ್ರೆ ನ್ಯೂಟ್ರಾನ್; ಒಂದು ಬಾಲ್ ಬಿದ್ದು ಬೋನು ಸಿಡಿದ್ರೆ ಅದರ ಮೇಲಿನ ಬಾಲ್ ಹಾರಿ ಬೇರೆ ಬೋನನ್ನ ಸಿಡಿಸತ್ತೆ, ಅದೇ ಚೈನ್ ರಿಯಾಕ್ಷನ್. ನಮ್ಮ ಕೊಡಗಿನ ಮಳೇಲಿ ಕೈಯಾರೆ ಮಾಡಿ ನೋಡಿದವರು ಎಷ್ಟು ಜನ ಹೇಳಿ? ನಮ್ಮ ಗಣಿತದ ಮೇಷ್ಟ್ರು "ಬೋನಲ್ಲಿ ಇಲಿ ಹಿಡೀರಿ ಸಾರ್, ಅಣುಬಾಂಬ್ ಬೇಡ" ಅಂತ ಜುಲೈಯಿಂದ ಜನವರಿವರೆಗೂ ನಗ್ತಾನೇ ಇದ್ರು, ಅದಕ್ಕೇ ಇದನ್ನ ಬರೀತಿರೋದು.

ಗೋಣಿಕೊಪ್ಪ ಸಂತೇಲಿ ಮರದ ಹಲಗೆಯ ಸ್ಪ್ರಿಂಗ್ ಬೋನು 24 ತಂದೆ, ಒಂದಕ್ಕೆ 45 ರೂಪಾಯೋ ಏನೋ. ತಂದು ಎರಡೇ ವಾರಕ್ಕೆ ಹಲಗೆ ಉಬ್ಬಿ, ಸ್ಪ್ರಿಂಗ್ ತುಕ್ಕು ಹಿಡಿದು, ಬಾಲ್ ಹಾಕಿದ್ರೆ ಒಂದೂ ಸಿಡಿಯಲ್ಲ. ಒಲೆ ಮೇಲಿನ ಅಟ್ಟದಲ್ಲಿ ಮೆಣಸು, ಏಲಕ್ಕಿ ಪಕ್ಕ ಒಣಗಿಸ್ದೆ, ಮನೆಯವಳ ಕೈಲಿ ಬೈಸಿಕೊಂಡಿದ್ದು ಬೇರೆ.

ಎರಡನೇ ಸಲ ಜುಗ್ಗತನ ಮಾಡಿ ಬೋನಿಗೆ ಒಂದೊಂದೇ ಬಾಲ್ ಇಟ್ಟೆ. ಒಂದು ನ್ಯೂಟ್ರಾನ್ ಹೋಗಿ ಒಂದೇ ಬಂದ್ರೆ, ಅದರಲ್ಲೂ ಅರ್ಧ ಗುರಿ ತಪ್ಪಿದ್ರೆ ಇನ್ನೇನಾಗತ್ತೆ, ಮೂರೋ ನಾಲ್ಕೋ ಸಿಡಿದು ತಣ್ಣಗಾಯ್ತು. ಮೂರನೇ ಸಲ ಎರಡೆರಡು ಇಟ್ಟೆ, ಬಾಲ್ ಎಲ್ಲಾ ಜಗಲಿ ದಾಟಿ ಕಾಫಿ ತೋಟಕ್ಕೆ ಹೋದ್ವು, ಹತ್ತೋ ಹನ್ನೆರಡೋ ಇವತ್ತಿಗೂ ಸಿಕ್ಕಿಲ್ಲ. ಪಾಠದಲ್ಲಿ ನ್ಯೂಟ್ರಾನ್ ಲೀಕೇಜ್ ಅಂತ ಎಷ್ಟು ಸಲ ಬೋರ್ಡ್ ಮೇಲೆ ಬರೆದಿದೀನೋ, ಅವತ್ತು ಗಿಡದ ಬುಡದಲ್ಲಿ ಬಗ್ಗಿ ಹುಡುಕುವಾಗ್ಲೇ ಅದು ನನಗೆ ಅರ್ಥವಾಗಿದ್ದು.

ಮಧ್ಯೆ ಒಂದು ಹುಚ್ಚು ಪ್ರಯೋಗ. ಯುರೇನಿಯಂ 235 ಒಡೆದ್ರೆ ಸರಾಸರಿ ಎರಡೂವರೆ ನ್ಯೂಟ್ರಾನ್ ಬರತ್ತಲ್ಲ, ಹಾಗಾಗಿ ಅರ್ಧ ಬೋನಿಗೆ ಎರಡು, ಅರ್ಧಕ್ಕೆ ಮೂರು ಇಡೋಣ ಅಂದ್ಕೊಂಡೆ. ಮೂರು ಬಾಲ್ ನಿಲ್ಲಲಿಲ್ಲ. ಒಣ ಅಡಿಕೆ ಇಟ್ಟೆ, ಟ್ಯೂಬ್‌ಲೈಟ್ ಹೋಯ್ತು. ನೀವು ಮಾಡೋಕೆ ಹೋಗ್ಬೇಡಿ, ಕಣ್ಣಿಗೆ ಬಿದ್ರೆ ಕಷ್ಟ.

ಜನವರೀಲಿ ಬಿಸಿಲು ಬಂದ್ಮೇಲೆ ಬೋನು 48 ಮಾಡ್ದೆ, ಒಂದಕ್ಕೊಂದು ತಾಗೋ ಹಾಗೆ ಜೋಡ್ಸಿ, ನಾಲ್ಕೂ ಕಡೆ ಹಳೇ ಕಿಟಕಿ ಗಾಜು, ಮೇಲೆ ನರ್ಸರಿ ಪ್ಲಾಸ್ಟಿಕ್ ಬಿಗಿಯಾಗಿ ಕಟ್ದೆ. ಗಾಜೇ ನನ್ನ ರಿಫ್ಲೆಕ್ಟರ್, ಅಂದ್ರೆ ಹೊರಗೆ ಹೋಗೋ ನ್ಯೂಟ್ರಾನನ್ನ ವಾಪಸ್ ಒಳಗೆ ಕಳಿಸೋ ಗೋಡೆ. ಎಲ್ಲಾ ಸೇರಿ ನಾಲ್ಕು ಸಾವಿರದ ಹತ್ರ ನನ್ನ ಜೇಬಿಂದ್ಲೇ ಹೋಗಿದೆ, ಶಾಲೆಯಿಂದ ಒಂದು ರೂಪಾಯಿ ಹುಟ್ಟಲಿಲ್ಲ. 48 ಬೋನನ್ನೂ ಮಧ್ಯದಲ್ಲಿ ಒಂದೂ ಸಿಡಿಯದ ಹಾಗೆ ಸೆಟ್ ಮಾಡೋದಕ್ಕೆ ಒಂದು ಉಪಾಯ ಇದೆ, ಅದನ್ನ ಹೇಳಲ್ಲ, ನಾನು ಬೆರಳು ಜಜ್ಜಿಸಿಕೊಂಡು ಕಲಿತಿದ್ದು.

ಮೇಲಿನ ತೂತಿಂದ ಒಂದು ಬಾಲ್ ಬಿಟ್ಟೆ. ಟಪ್, ಟಪ್ ಟಪ್, ಆಮೇಲೆ ಹೆಂಚಿನ ಮೇಲೆ ಆಲಿಕಲ್ಲು ಸುರಿದ ಹಾಗೆ, ಮೂರು ಸೆಕೆಂಡೂ ಇಲ್ಲ, ಮುಗೀತು. 48ರಲ್ಲಿ 45 ಸಿಡಿದಿತ್ತು. ಗಣಿತದ ಮೇಷ್ಟ್ರೇ "ಇನ್ನೊಂದ್ಸಲ" ಅಂದ್ರು! ಇನ್ನೊಂದ್ಸಲ ಅಂದ್ರೆ ಮುಕ್ಕಾಲು ಗಂಟೆ ಕೆಲಸ. ಈ ಸಲ ಸಾಲುಗಳ ಮಧ್ಯೆ ಕಾಫಿ ಗೋಣಿ ಪಟ್ಟಿ ಇಳಿಬಿಟ್ಟೆ, ಬಾಲ್ ಗೋಣಿಗೆ ಬಡಿದು ಸತ್ತು ಬಿದ್ವು, ಎಂಟಕ್ಕೇ ನಿಂತ್ಹೋಯ್ತು. 1942ರ ಡಿಸೆಂಬರ್ 2ಕ್ಕೆ ಶಿಕಾಗೋದಲ್ಲಿ ವಿಜ್ಞಾನಿ ಫರ್ಮಿ ಮೊದಲ ರಿಯಾಕ್ಟರಿನಲ್ಲಿ ನ್ಯೂಟ್ರಾನ್ ನುಂಗೋ ಕ್ಯಾಡ್ಮಿಯಂ ರಾಡ್ ಇಟ್ಟು ಮಾಡಿದ್ದೂ ಇದೇ ಕೆಲಸ. ಕೈಗಾದ ನ್ಯಾಚುರಲ್ ಯುರೇನಿಯಂ ತರ ಮಾಡಿ ಸಾರ್ ಅಂದ ಒಬ್ಬ ಹುಡುಗ. ಅದರಲ್ಲಿ ಸುಲಭವಾಗಿ ಒಡೆಯೋ ಯುರೇನಿಯಂ 235 ಇರೋದು 0.7 ಪರ್ಸೆಂಟ್, ಅಂದ್ರೆ 140 ಬೋನಿಗೆ ಒಂದನ್ನ ಸೆಟ್ ಮಾಡ್ಬೇಕು, ಅಷ್ಟು ದುಡ್ಡು ನಿಮ್ಮಪ್ಪ ಕೊಡ್ತಾರಾ ಅಂದೆ.

ಫ್ಯೂಷನ್‌ಗೆ (ಎರಡು ನ್ಯೂಕ್ಲಿಯಸ್ ಕೂಡಿ ಒಂದಾಗೋದಕ್ಕೆ) ಹಳೇ ಸ್ಪೀಕರಿನ ಎರಡು ಮ್ಯಾಗ್ನೆಟ್, ಮುಖಕ್ಕೆ ವೆಲ್ಕ್ರೋ ಅಂಟಿಸಿದ್ದು. ಒಂದನ್ನೊಂದು ತಳ್ಳುತ್ವೆ, ಜೋರಾಗಿ ಒತ್ತಿ ಹತ್ರ ತಂದ್ರೆ ಮಾತ್ರ ಅಂಟುತ್ವೆ. ಮೊದಲು ಪಲ್ಟಿ ಹೊಡೆದು ಮೋಸ ಮಾಡ್ತಿದ್ವು, ಪೈಪ್ ಒಳಗೆ ಹಾಕಿದ್ಮೇಲೆ ಸರಿಹೋಯ್ತು. ಸೂರ್ಯನ ಒಳಗೆ ಒಂದೂವರೆ ಕೋಟಿ ಡಿಗ್ರಿ ಸಾಕು, ಭೂಮಿ ಮೇಲಿನ ಫ್ಯೂಷನ್ ಯಂತ್ರಕ್ಕೆ ಹತ್ತು ಕೋಟಿ ಮೇಲೆ ಯಾಕೆ ಬೇಕು ಅನ್ನೋ ಪ್ರಶ್ನೆಗೆ ಮಾತ್ರ ಈ ಪೈಪ್ ಉತ್ತರ ಕೊಡಲ್ಲ, ಅಲ್ಲಿನ ಒತ್ತಡ, ಸಾಂದ್ರತೆ ನಮ್ಮತ್ರ ಇಲ್ಲ ಅಂತ ಬಾಯಲ್ಲೇ ಹೇಳ್ಬೇಕು.

ಸ್ಲೋ ಮೋಷನ್ ವಿಡಿಯೋನ ಮೂರನೇ ಸಲ ನೋಡ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿ "ಸಾರ್, ಎಲ್ಲಾ ಮುಗಿದ್ಮೇಲೆ ಒಂದು ಸಿಡೀತು" ಅಂದ್ಲು. ಹೌದು, ಮೂಲೇಲಿ ಉರುಳ್ತಾ ಇದ್ದ ಬಾಲ್ ಐದಾರು ಸೆಕೆಂಡ್ ಬಿಟ್ಟು ಒಂದು ಬೋನಿಗೆ ತಾಗಿತ್ತು. ಡಿಲೇಡ್ ನ್ಯೂಟ್ರಾನ್, ಅಂದ್ರೆ ಒಡೆದ ಮೇಲೆ ತಡವಾಗಿ ಹೊರಬರೋ ನ್ಯೂಟ್ರಾನ್! ಯುರೇನಿಯಂ 235ರಲ್ಲಿ ಅವು ಸುಮಾರು 0.65 ಪರ್ಸೆಂಟ್ ಅಷ್ಟೇ, ಅವಿಲ್ಲದಿದ್ರೆ ರಿಯಾಕ್ಟರ್ ಹಿಡಿತಕ್ಕೆ ಸಿಗ್ತಿರಲಿಲ್ಲ. ಅದನ್ನ ನಾನು ಪ್ಲಾನ್ ಮಾಡಿರಲಿಲ್ಲ ಅಂತ ಮಕ್ಕಳಿಗೆ ಹೇಳಲಿಲ್ಲ.